ಊರಿನ ಹೆಸರೇ ಟ್ಯಾಗ್ ಆಗಬೇಕಾದಾಗ: ಮಳೆ ಲೆಕ್ಕದ ಎಕ್ಸ್‌ಎಂಎಲ್ ಕಡತ

ಪ್ರಶ್ನೆ (ಕೊಡಗಿನ ನಾಪೋಕ್ಲುವಿನಿಂದ): ನಮ್ಮ ಬಳಗದ ಕಾಫಿ ತೋಟಗಳ ಮಳೆ ಲೆಕ್ಕವನ್ನು ಸಿ ಶಾರ್ಪ್‌ನಲ್ಲಿ ಬರೆದ ಸಣ್ಣ ತಂತ್ರಾಂಶದಲ್ಲಿ ಇಡುತ್ತಿದ್ದೇನೆ. ಊರಿನ ಹೆಸರು, ಅದರೆದುರು ಇಂಚು–ಸೆಂಟಿನ ಅಳತೆ, ಇಷ್ಟೇ ಇರುವ ಡಿಕ್ಷನರಿ. ಕಡತ ಪಡೆಯುವವರಿಗೆ <ಭಾಗಮಂಡಲ>4.20</ಭಾಗಮಂಡಲ> ಎಂದು ಊರಿನ ಹೆಸರೇ ಟ್ಯಾಗ್ ಆಗಿರಬೇಕಂತೆ. ಎಕ್ಸ್‌ಎಂಎಲ್ ಸೀರಿಯಲೈಸರ್ (ಮಾಹಿತಿಯನ್ನು ಕಡತವಾಗಿ ಬರೆಯುವ, ಮತ್ತೆ ಓದುವ ಸಾಧನ) ಡಿಕ್ಷನರಿಯನ್ನು ಕಂಡೊಡನೆ ದೋಷ ತೋರಿಸಿ ನಿಲ್ಲುತ್ತದೆ. ಊರಿಗೊಂದು ಪ್ರಾಪರ್ಟಿ ಬರೆಯಲೇ?

ಉತ್ತರ: ಖಂಡಿತ ಬೇಡ. ನಾಳೆ ಶ್ರೀಮಂಗಲದ ತೋಟವೊಂದು ಸೇರಿದರೆ ತಂತ್ರಾಂಶವನ್ನೇ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಆ ಸೀರಿಯಲೈಸರ್ ಟ್ಯಾಗುಗಳ ಹೆಸರನ್ನು ಕ್ಲಾಸಿನಿಂದ ಮೊದಲೇ ಗೊತ್ತುಮಾಡಿಕೊಳ್ಳುತ್ತದೆ. ಡಿಕ್ಷನರಿಯ ಕೀಲಿಗಳು, ಅಂದರೆ ಇಲ್ಲಿ ಊರಿನ ಹೆಸರುಗಳು, ಪ್ರೋಗ್ರಾಂ ಓಡುವಾಗ ಮಾತ್ರ ತಿಳಿಯುತ್ತವೆ. ಆದ್ದರಿಂದ ಡಿಕ್ಷನರಿಗೆ ಎಕ್ಸ್‌ಎಂಎಲ್‌ಇಗ್ನೋರ್ (ಇದನ್ನು ಬಿಟ್ಟುಬಿಡು ಎನ್ನುವ ಗುರುತು) ಹಚ್ಚಿ, ಪಕ್ಕದಲ್ಲೇ ಎಕ್ಸ್‌ಎಂಎಲ್‌ಎನಿಎಲಿಮೆಂಟ್ (ಯಾವ ಹೆಸರಿನ ಟ್ಯಾಗಾದರೂ ಸರಿ ಎನ್ನುವ ಗುರುತು) ಹಚ್ಚಿದ ಇನ್ನೊಂದು ಪ್ರಾಪರ್ಟಿ ಇಡಿ. ಅದರ ಗೆಟ್ ಭಾಗ ಪ್ರತಿ ಊರಿಗೂ ಆ ಹೆಸರಿನ ಒಂದು ಎಕ್ಸ್‌ಎಲಿಮೆಂಟ್ (ಒಂದು ಟ್ಯಾಗು, ಅದರೊಳಗಿನ ಅಳತೆ) ಕಟ್ಟಿ ಕೊಡಲಿ, ಸೆಟ್ ಭಾಗ ಅವನ್ನು ಓದಿ ಡಿಕ್ಷನರಿ ತುಂಬಲಿ. ಈ ಪ್ರಾಪರ್ಟಿ ಅರೇ ಆಗಿರಲಿ, ಲಿಸ್ಟ್ ಬೇಡ. ಲಿಸ್ಟ್ ಆದರೆ ಕಡತ ಓದುವಾಗ ಗೆಟ್‌ನಿಂದ ಬಂದ ಲಿಸ್ಟಿಗೇ ಸೇರಿಸುತ್ತಾ ಹೋಗುತ್ತದೆ, ಸೆಟ್‌ನ ಗೊಡವೆಗೇ ಹೋಗುವುದಿಲ್ಲ. ಡಿಕ್ಷನರಿ ಖಾಲಿ ಉಳಿಯುತ್ತದೆ, ದೋಷದ ಸೂಚನೆಯೂ ಇರುವುದಿಲ್ಲ. ದಿನಾಂಕ, ತೋಟದ ವಿವರ ಮುಂತಾದ ಉಳಿದ ಪ್ರಾಪರ್ಟಿಗಳನ್ನು ಸೀರಿಯಲೈಸರ್ ಎಂದಿನಂತೆ ತಾನೇ ನೋಡಿಕೊಳ್ಳುತ್ತದೆ.

ಮರುಪ್ರಶ್ನೆ: ಭಾಗಮಂಡಲ, ಅಮ್ಮತ್ತಿ, ಬಾಳೆಲೆ ಎಲ್ಲವೂ ಬಂದವು. ‘ಮಡಿಕೇರಿ ಕಸಬಾ’ ಮತ್ತು ‘ಕುಶಾಲ್‌ನಗರ’ ಮಾತ್ರ ದೋಷ ಕೊಡುತ್ತಿವೆ. ಕನ್ನಡ ಅಕ್ಷರಗಳದೇ ತೊಂದರೆಯೇ?

ಉತ್ತರ: ಅಲ್ಲವೇ ಅಲ್ಲ. 1998ರ ಮೊದಲ ಆವೃತ್ತಿಯಿಂದಲೂ ಎಕ್ಸ್‌ಎಂಎಲ್ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ. ‘ಮಡಿಕೇರಿ ಕಸಬಾ’ದಲ್ಲಿ ನಡುವೆ ಖಾಲಿ ಜಾಗವಿದೆ, ಹೆಸರಿನಲ್ಲಿ ಅದಕ್ಕೆ ಅವಕಾಶವಿಲ್ಲ. ‘ಕುಶಾಲ್‌ನಗರ’ದ್ದು ಕಣ್ಣಿಗೆ ಬೀಳದ ತೊಡಕು: ‘ಲ್’ ಮತ್ತು ‘ನ’ ಒತ್ತಕ್ಷರವಾಗಿ ಕೂಡದಂತೆ ಕೀಲಿಮಣೆ ನಡುವೆ ಇಡುವ ಅಗೋಚರ ಅಕ್ಷರ. 2008ರ ಐದನೇ ಆವೃತ್ತಿ ಅದನ್ನು ಹೆಸರಿನಲ್ಲಿ ಒಪ್ಪಿದೆ, ಆದರೆ ಸಿ ಶಾರ್ಪ್ ತಂತ್ರಾಂಶಗಳಿಗೆ ಆಧಾರವಾದ ಡಾಟ್‌ನೆಟ್ ನಾಲ್ಕನೇ ಆವೃತ್ತಿಯ ನಿಯಮವನ್ನೇ ಅನುಸರಿಸುತ್ತದೆ. ‘ಕುಶಾಲನಗರ’ ಎಂದು ಬರೆದರೆ ಸಲೀಸಾಗಿ ಹೋಗುತ್ತದೆ. ಖಾಲಿ ಜಾಗಕ್ಕೆ ಎಕ್ಸ್‌ಎಂಎಲ್‌ಕನ್ವರ್ಟ್‌ನ ಎನ್‌ಕೋಡ್‌ಲೋಕಲ್‌ನೇಮ್ ಇದೆ, ಅದು ಖಾಲಿ ಜಾಗವನ್ನು ಹೆಸರಿನಲ್ಲಿ ಒಪ್ಪುವ ಸಂಕೇತವಾಗಿ ಬದಲಿಸುತ್ತದೆ. ಪಡೆಯುವವರೂ ಡಿಕೋಡ್ ಮಾಡಲು ಒಪ್ಪಿದರೆ ಮಾತ್ರ ಬಳಸಿ.

ನನ್ನನ್ನು ಕೇಳಿದರೆ, ಊರಿನ ಹೆಸರು ಮಾಹಿತಿಯೇ ಹೊರತು ಕಡತದ ರಚನೆಯಲ್ಲ. <ಅಳತೆ ಊರು="ಮಡಿಕೇರಿ ಕಸಬಾ">3.15</ಅಳತೆ> ಎಂದು ಕಳುಹಿಸಬಹುದೇ ಎಂದು ಅವರನ್ನು ಒಮ್ಮೆ ಕೇಳಿ ನೋಡಿ. ಆಟ್ರಿಬ್ಯೂಟಿನ ಮೌಲ್ಯದಲ್ಲಿ, ಅಂದರೆ ಉದ್ಧರಣ ಚಿಹ್ನೆಗಳ ಒಳಗೆ, ಖಾಲಿ ಜಾಗವೂ ಆ ಅಗೋಚರ ಅಕ್ಷರವೂ ಇರಬಹುದು. ಅವರು ಒಪ್ಪಿದರೆ ಎನಿಎಲಿಮೆಂಟ್‌ನ ಕೆಲಸವೇ ಬೀಳುವುದಿಲ್ಲ. ಊರು ಮತ್ತು ಅಳತೆ ಇರುವ ಒಂದು ಸಾದಾ ಕ್ಲಾಸಿನ ಪಟ್ಟಿ ಸಾಕು.