ಸಹಾಯ ಬೇಕು: 4ನೇ ತರಗತಿ ಭಾಗಾಕಾರದಲ್ಲಿ ಸೊನ್ನೆ ಬಿಟ್ಟುಹೋಗುತ್ತಿದೆ

ಶಿಕ್ಷಕ ಮಿತ್ರರಿಗೆ ನಮಸ್ಕಾರ. ನಾಲ್ಕನೇ ತರಗತಿಯಲ್ಲಿ ಈ ವಾರ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. 846 ÷ 2 ಎಲ್ಲರಿಗೂ ಬರುತ್ತೆ. 618 ÷ 6 ಕೊಟ್ಟರೆ ಅರ್ಧ ಮಕ್ಕಳ ಉತ್ತರ 13. ನೂರರ ಸ್ಥಾನದಲ್ಲಿ 1 ಬರೆದು, ಹತ್ತರ ಸ್ಥಾನದ 1 ಇಳಿಸುತ್ತಾರೆ. ಅದರಲ್ಲಿ 6 ಹೋಗಲ್ಲ ಅಂತ ಗೊತ್ತಾದ ಕೂಡಲೇ 8 ಇಳಿಸಿ 18 ಮಾಡಿ, ನೇರ 3 ಬರೆದುಬಿಡುತ್ತಾರೆ. ನಡುವಿನ ಸೊನ್ನೆ ಮಾಯ. 840 ÷ 4 ರಲ್ಲೂ ಹೀಗೇ, ಕೊನೆಯ ಸೊನ್ನೆ ಬಿಟ್ಟು 21.

ಆಟದ ನೋಟಿನಲ್ಲಿ ಮಾಡಿಸಿದರೆ ತಪ್ಪೋದೇ ಇಲ್ಲ. ಆರು ಮಕ್ಕಳಿಗೆ ತಲಾ ಒಂದು ನೂರರ ನೋಟು, ಉಳಿದ ಒಂದೇ ಹತ್ತರ ನೋಟನ್ನು ಹಂಚೋಕಾಗಲ್ಲ, ಚಿಲ್ಲರೆ ಮಾಡಿಸಿದರೆ 8ರ ಜೊತೆ ಸೇರಿ 18, ತಲಾ 3. ಒಬ್ಬೊಬ್ಬರಿಗೂ 103. ನೋಟ್‌ಬುಕ್ಕಿಗೆ ಬಂದರೆ ಮತ್ತೆ 13. ಭಾಗಲಬ್ಧದ ಮೇಲೆ ನೂ, ಹ, ಬಿ ಅಂತ ಮನೆ ಗೀರಿಸಿದಾಗ ಸರಿಹೋಗುತ್ತೆ, ಗೆರೆ ತೆಗೆದರೆ ಹಳೇ ತಪ್ಪೇ. 13 × 6 = 78 ಅಂತ ತಾಳೆ ನೋಡುವ ಅಭ್ಯಾಸವೂ ಇನ್ನೂ ಕೂತಿಲ್ಲ.

ಎರಡು ಸಹಾಯ ಬೇಕು. ಗೆರೆಯ ಆಸರೆ ಹಂತ ಹಂತವಾಗಿ ಬಿಡಿಸೋದು ಹೇಗೆ? ನಡುವೆ ಅಥವಾ ಕೊನೆಗೆ ಸೊನ್ನೆ ಬರುವ, ಆದರೆ 2ರಿಂದ 5ರ ಮಗ್ಗಿಯಲ್ಲೇ ಮುಗಿಯುವ ಲೆಕ್ಕಗಳ ಅಭ್ಯಾಸ ಹಾಳೆ ಯಾರ ಹತ್ತಿರವಾದರೂ ಇದೆಯಾ? 7, 8ರ ಮಗ್ಗಿ ಸೇರಿದರೆ ತಪ್ಪು ಮಗ್ಗಿಯದೋ ಸೊನ್ನೆಯದೋ ತಿಳಿಯಲ್ಲ, ಅದಕ್ಕೇ ಈ ಮಿತಿ. ಕೈಬರಹದ್ದಾದರೂ ಸರಿ, ಫೋಟೋ ಹಾಕಿ.