ತಮ್ಮಾ, ಚೀಟಿ ಪಕ್ಕಕ್ಕಿಡು, ಮೊದಲು ಅಳತೆ ಟೇಪ್ ಹಿಡಿ

ಹಲೋ... ಹಲೋ... ರೆಕಾರ್ಡ್ ಆಗುತ್ತಿದೆ ಅನಿಸುತ್ತೆ. ಎಲ್ಲರಿಗೂ ನಮಸ್ಕಾರ. ತಮ್ಮಾ, ಇದು ನಿನಗೆ. ಉಳಿದವರು ಬೇಕಾದರೆ ಕೇಳಿ, ಬೇಡವಾದರೆ ಬಿಡಿ. ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ.

ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗ್ರೂಪ್‌ಗೆ ಹಾಕಿದ ಫೋಟೋ ನೋಡಿದೆ. ದಾವಣಗೆರೆ ವಿನೋಬನಗರದ ನಮ್ಮ ಹಳೇ ಮನೆಯ ಅಡುಗೆಮನೆ ಒಡೆಸಿ ಹೊಸದು ಮಾಡಿಸುತ್ತಿದ್ದೀಯ. ಅಂಗಡಿಯವರು ಒಂದು ಚೀಟಿ ಬರೆದುಕೊಟ್ಟಿದ್ದಾರೆ. ನಾಲ್ಕು ಬರ್ನರ್ ಹಾಬ್, ಅಂದರೆ ಕಟ್ಟೆ ಕಲ್ಲು ಕತ್ತರಿಸಿ ಕೂರಿಸುವ ಗಾಜಿನ ಗ್ಯಾಸ್ ಒಲೆ, ಚಿಮಣಿ, ಇಂಡಕ್ಷನ್, ಮೈಕ್ರೋವೇವ್, ಡಿಶ್‌ವಾಷರ್, ಎರಡು ಬಾಗಿಲು ಅಕ್ಕಪಕ್ಕ ಇರುವ ದೊಡ್ಡ ಫ್ರಿಜ್, ನೀರು ಸೋಸುವ ಆರ್‌ಒ. ‘ಅಕ್ಕಾ, ಎಲ್ಲಾ ಒಟ್ಟಿಗೆ ತಗೊಂಡರೆ ಕಡಿಮೆ ಮಾಡಿಕೊಡುತ್ತಾರಂತೆ, ಸೋಮವಾರ ಅಡ್ವಾನ್ಸ್ ಕೊಡಲಾ?’ ಅಂತ ಕೇಳಿದ್ದೀಯ.

ಕೊಡಬೇಡ. ಇನ್ನೊಂದು ವಾರ ತಡಿ.

ಚೀಟಿ ಕೆಟ್ಟದ್ದು ಅಂತಲ್ಲ. ಆದರೆ ಅದರಲ್ಲಿ ಅವ್ವನ ರೊಟ್ಟಿ ಎಲ್ಲೂ ಕಾಣಲಿಲ್ಲ ಮಾರಾಯಾ. ಆ ಮನೆಯಲ್ಲಿ ದಿನಾ ಬೆಳಿಗ್ಗೆ ಹತ್ತು ಹನ್ನೆರಡು ಜೋಳದ ರೊಟ್ಟಿ ಆಗುತ್ತೆ. ಒಲೆ ಯಾವುದು ಅಂತ ಆ ರೊಟ್ಟಿಯನ್ನೇ ಕೇಳಬೇಕು. ಅಂಗಡಿಯಲ್ಲಿ ಹಾಬ್ ಮೇಲೆ ಖಾಲಿ ಪಾತ್ರೆ ಇಟ್ಟು ತೋರಿಸುತ್ತಾರೆ, ಚೆಂದ ಕಾಣುತ್ತೆ. ನೀನು ಮನೆಯಿಂದ ರೊಟ್ಟಿ ಹಂಚು ಮತ್ತು ಐದು ಲೀಟರ್ ಕುಕ್ಕರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು. ನಗಬೇಡ, ನಿಜ ಹೇಳುತ್ತಿದ್ದೇನೆ. ಅರವತ್ತು ಸೆಂಟಿಮೀಟರ್‌ನ ನಾಲ್ಕು ಬರ್ನರ್ ಹಾಬ್ ಮೇಲೆ ಹಂಚು ಇಟ್ಟರೆ ಅದು ಪಕ್ಕದ ಬರ್ನರನ್ನೂ ಅರ್ಧ ಮುಚ್ಚುತ್ತೆ. ಕುಕ್ಕರ್ ಇಟ್ಟರೆ ಅದರ ಹಿಡಿ ಹಂಚಿಗೆ ತಾಗುತ್ತೆ. ದುಡ್ಡು ಕೊಟ್ಟಿದ್ದು ನಾಲ್ಕಕ್ಕೆ, ಉರಿಸುವುದು ಎರಡನ್ನು. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಇದೇ ಕಥೆ. ಹಿಂದಿನ ಒಂದು ಬರ್ನರ್ ಮೇಲೆ ಈಗ ಉಪ್ಪಿನ ಡಬ್ಬಿ ಕೂತಿದೆ.

ಇನ್ನೊಂದು ವಿಷಯ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಅವ್ವ ಏನು ಮಾಡುತ್ತಾಳೆ? ಒದ್ದೆ ಬಟ್ಟೆಯಲ್ಲಿ ಮೇಲೆ ನೀರು ಸವರುತ್ತಾಳೆ. ಆ ಬಟ್ಟೆಯಿಂದ ಹನಿ ಬೀಳುತ್ತೆ. ಗಾಜಿನ ಒಲೆ ಆದರೆ ಹಂಚಿನ ಕೆಳಗೆ ಕಾದಿರುವ ಗಾಜಿನ ಮೇಲೇ ಬೀಳುತ್ತೆ. ಅದು ಗಟ್ಟಿ ಮಾಡಿದ ಗಾಜು, ಸುಮ್ಮಸುಮ್ಮನೆ ಒಡೆಯಲ್ಲ. ಆದರೆ ಅಂಚಿನಲ್ಲಿ ಎಲ್ಲೋ ಒಂದು ಸಣ್ಣ ಪೆಟ್ಟು ಬಿದ್ದಿದ್ದು, ಮೇಲೆ ಕಾದಾಗ ತಣ್ಣೀರು ಬಿದ್ದರೆ ಪಟ್ ಅಂತ ಹೋಗಬಹುದು. ಹೋದರೆ ಅಕ್ಕಿ ಕಾಳಿನ ಹಾಗೆ ಪುಡಿಪುಡಿ. ಜೊತೆಗೆ ರೊಟ್ಟಿಯಿಂದ ಉದುರುವ ಒಣ ಹಿಟ್ಟು ಬರ್ನರ್ ತೂತಿನಲ್ಲಿ ಕೂರುತ್ತೆ, ಉರಿ ಹಳದಿ ಆಗುತ್ತೆ, ಪಾತ್ರೆ ತಳ ಕಪ್ಪಾಗುತ್ತೆ. ಬರ್ನರ್ ಬಿಚ್ಚಿ ಪಿನ್ನು ಹಾಕಿ ಶುಚಿ ಮಾಡಲು ಸುಲಭ ಇರಬೇಕು. ಅದಕ್ಕೇ ನನ್ನ ಮಾತು ಏನೆಂದರೆ, ಸ್ಟೀಲ್ ಮೇಲ್ಮೈಯ ಮೂರು ಬರ್ನರ್ ಗ್ಯಾಸ್ ಸ್ಟವ್ ತಗೋ. ಕಟ್ಟೆ ಮೇಲೆ ಇಡುವಂಥದ್ದು. ಒಂದು ಬರ್ನರ್ ದೊಡ್ಡದಿರಲಿ, ಐಎಸ್‌ಐ ಗುರುತು ಇರಲಿ. ಪೈಪ್ ಗ್ಯಾಸ್ ಬಂದರೆ ಒಲೆಯ ಜೆಟ್, ಅಂದರೆ ಗ್ಯಾಸ್ ಹೊರಬರುವ ಸಣ್ಣ ನಳಿಕೆ, ಬದಲಿಸಿಕೊಂಡರೆ ಸಾಕು. ಸಿಲಿಂಡರ್‌ನಲ್ಲೇ ಇರುವುದಾದರೆ ಆ ಕಿತ್ತಳೆ ಪೈಪನ್ನು ಐದು ವರ್ಷಕ್ಕೆ ಒಮ್ಮೆ ಬದಲಿಸಬೇಕು. ಅವ್ವನ ಮನೆಯದ್ದು ಯಾವಾಗ ಹಾಕಿದ್ದೋ, ತಾರೀಖು ಅದರ ಮೇಲೇ ಇರುತ್ತೆ, ನೋಡು.

ಇಲ್ಲಾ ಅಕ್ಕಾ, ಹಾಬೇ ಬೇಕು ಅಂತ ನಿನ್ನ ಹೆಂಡತಿ ಹಟ ಹಿಡಿದರೆ ಆಗಲಿ, ಅಡುಗೆ ಮಾಡುವವಳು ಅವಳೂ ಅಲ್ವಾ. ಆದರೆ ಹಾಬ್ ಮನೆಗೆ ಬಂದ ಮೇಲೇ ಗ್ರಾನೈಟ್ ಕತ್ತರಿಸಬೇಕು. ನಾನು ಉಲ್ಟಾ ಮಾಡಿದೆ. ಅಂಗಡಿಯವನು ಬಾಯಲ್ಲಿ ಹೇಳಿದ ಅಳತೆಗೆ ಇಲ್ಲಿ ಚಿತ್ರದುರ್ಗದಲ್ಲಿ ಕಲ್ಲು ಕೊಯ್ಸಿಬಿಟ್ಟೆ. ಆಮೇಲೆ ಆ ಮಾಡೆಲ್ ಸ್ಟಾಕ್ ಇಲ್ಲ, ಬೇರೆ ಕಳಿಸುತ್ತೇವೆ ಅಂದರು. ಬಂದಿದ್ದನ್ನು ಕೂರಿಸಿದರೆ ಒಂದು ಕಡೆ ಅರ್ಧ ಇಂಚು ಸಂದು. ಸ್ಟೀಲ್ ಪಟ್ಟಿ ಹಾಕಿ ಮುಚ್ಚಿಸಿದೆ. ಈಗ ಅದರ ಕೆಳಗೆ ಇರುವೆಗಳ ಊರೇ ಇದೆ.

ಒಂದು ನಿಮಿಷ ತಡಿ... ಹಾಲು ಇಟ್ಟಿದ್ದೆ... ಹಾಂ, ಬಂದೆ.

ಈಗ ಕರೆಂಟು. ಇದು ಚೀಟಿಯಲ್ಲಿ ಬರುವುದೇ ಇಲ್ಲ, ಆದರೆ ಇದೇ ಮುಖ್ಯ. ಇಂಡಕ್ಷನ್ ಜೋರಾಗಿ ಇಟ್ಟರೆ 2000 ವ್ಯಾಟ್. ಡಿಶ್‌ವಾಷರ್ ನೀರು ಕಾಯಿಸುವಾಗ ಹತ್ತಿರ ಹತ್ತಿರ ಅಷ್ಟೇ. ಮೈಕ್ರೋವೇವ್ ಸಾವಿರದ ಮೇಲೆ. ಬಚ್ಚಲುಮನೆಯಲ್ಲಿ ಗೀಸರ್ ಬೇರೆ. ಬೆಳಿಗ್ಗೆ ಏಳಕ್ಕೆ ಎಲ್ಲಾ ಒಟ್ಟಿಗೆ ಓಡಿದರೆ ಏಳು ಕಿಲೋವ್ಯಾಟ್ ಮುಟ್ಟುತ್ತೆ. ಅಪ್ಪ ಕಟ್ಟಿಸಿದಾಗಿನ ವೈರಿಂಗ್ ಅದು, ಆಗ ಆ ಅಡುಗೆಮನೆಯಲ್ಲಿ ಇದ್ದದ್ದು ಒಂದು ಬಲ್ಬು, ಒಂದು ಮಿಕ್ಸಿ ಪ್ಲಗ್ಗು. ಬೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡು. ಕಡಿಮೆ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೋ. ಗೋಡೆ ಒಡೆದಿರುವಾಗಲೇ ಅಡುಗೆಮನೆಗೆ ಬೋರ್ಡಿನಿಂದ ಬೇರೆ ಲೈನ್ ಎಳೆಸು. ದೊಡ್ಡ ಮಷಿನ್‌ಗಳಿಗೆ 16 ಆಂಪಿಯರ್ ಪ್ಲಗ್ಗು, 4 ಸ್ಕ್ವೇರ್ ಎಂಎಂ ವೈರು, ಒಂದೊಂದಕ್ಕೂ ಒಂದೊಂದು ಎಂಸಿಬಿ, ಅದೇ ಲೋಡ್ ಜಾಸ್ತಿ ಆದರೆ ತಾನೇ ಬೀಳುವ ಸ್ವಿಚ್ಚು. ಶಾಕ್ ಹೊಡೆದರೆ ಕಟ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಒಂದು ಇರಲೇಬೇಕು. ಅರ್ಥಿಂಗ್ ಸರಿ ಇದೆಯಾ ಅಂತ ವೈರಿಂಗ್‌ನವರ ಹತ್ತಿರ ಮೀಟರ್ ಇಟ್ಟು ತೋರಿಸು ಅನ್ನು. ‘ಇದೆ ಸಾರ್’ ಅಂದರೆ ಒಪ್ಪಬೇಡ.

ಮತ್ತೆ ಗೃಹಜ್ಯೋತಿ ಇದೆಯಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿತ್ತೋ ಅದರ ಮೇಲೆ ಶೇ 10 ಸೇರಿಸಿ ಫ್ರೀ ಕೊಟ್ಟಿದ್ದಾರೆ. ಅದಕ್ಕಿಂತ ಜಾಸ್ತಿ ಆದರೆ ಹೆಚ್ಚಿನದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಂದೇ. ಗ್ಯಾಸ್ ಉಳಿಸುತ್ತೇನೆ ಅಂತ ದಿನಕ್ಕೆ ಎರಡು ಗಂಟೆ ಇಂಡಕ್ಷನ್ ಇಟ್ಟರೆ ಮೂರು ಯೂನಿಟ್ ಅಂದುಕೋ, ತಿಂಗಳಿಗೆ ತೊಂಬತ್ತು. ಲೆಕ್ಕ ಹಾಕು. ಇಂಡಕ್ಷನ್ ಬೇಡ ಅನ್ನುತ್ತಿಲ್ಲ ನಾನು. ಗ್ಯಾಸ್ ಮುಗಿದ ದಿನಕ್ಕೆ, ಹಾಲು ಕಾಯಿಸಲು, ಮಗುವಿಗೆ ಬಿಸಿನೀರಿಗೆ ಬಹಳ ಅನುಕೂಲ. ಆದರೆ ಸಣ್ಣದು, ಎತ್ತಿಡುವಂಥದ್ದು ಒಂದು ಸಾಕು. ಅವ್ವನ ಹಿಂಡಾಲಿಯಂ ಪಾತ್ರೆ, ಹಿತ್ತಾಳೆ ಚರಿಗೆ ಯಾವುದೂ ಅದರ ಮೇಲೆ ಕಾಯುವುದಿಲ್ಲ. ಫ್ರಿಜ್ ಮೇಲಿನ ಅಯಸ್ಕಾಂತ ತೆಗೆದು ಪಾತ್ರೆ ತಳಕ್ಕೆ ಹಿಡಿ, ಅಂಟಿಕೊಂಡರೆ ಆಗುತ್ತೆ, ಇಲ್ಲದಿದ್ದರೆ ಇಲ್ಲ. ರೊಟ್ಟಿಯಂತೂ ಅದರ ಮೇಲೆ ನಡುವೆ ಸೀದು ಅಂಚು ಹಸಿ ಉಳಿಯುತ್ತೆ. ನಾನು ಮಾಡಿ ನೋಡಿದ್ದೇನೆ, ನಿಮ್ಮ ಭಾವ ಒಂದೂ ಮಾತಾಡದೆ ತಿಂದರು, ಪಾಪ.

ಚಿಮಣಿ ತಗೋ. ಅದಕ್ಕೆ ನನ್ನ ತಕರಾರಿಲ್ಲ. ಮಿರ್ಚಿ ಕರಿದ ದಿನ, ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಪಡಸಾಲೆಯಲ್ಲಿ ಕೂತವರೂ ಕೆಮ್ಮುತ್ತಾರೆ. ಆದರೆ ಪೈಪ್ ಇಟ್ಟು ಹೊಗೆ ಹೊರಗೆ ಹಾಕುವಂಥದ್ದೇ ಬೇಕು. ಪೈಪ್ ಇಲ್ಲದ್ದು ಬರುತ್ತೆ, ಒಳಗಿನ ಗಾಳಿಯನ್ನೇ ಸೋಸಿ ಒಳಗೇ ಬಿಡುತ್ತೆ, ಬಿಸಿ ಅಲ್ಲೇ ಉಳಿಯುತ್ತೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆ ಅಡುಗೆಮನೆಯಲ್ಲಿ ನಿಂತು ನೋಡು, ಆಗ ಗೊತ್ತಾಗುತ್ತೆ. ಪೈಪ್ ಆರು ಇಂಚಿನದು, ಉದ್ದ ಕಡಿಮೆ, ತಿರುವು ಒಂದೇ ಒಂದು. ಎರಡು ಮೂರು ಕಡೆ ಬಳುಕಿಸಿದರೆ ಡಬ್ಬಿ ಮೇಲೆ ಗಂಟೆಗೆ 1200 ಘನ ಮೀಟರ್ ಗಾಳಿ ಅಂತ ಬರೆದಿದ್ದರೂ ಎಳೆಯುವುದು ಅಷ್ಟಿಲ್ಲ. ಒಲೆಯಿಂದ 65ರಿಂದ 75 ಸೆಂಟಿಮೀಟರ್ ಮೇಲೆ ಇರಲಿ. ಅದಕ್ಕಾಗಿಯೇ ಒಲೆಯನ್ನು ಹೊರಗೋಡೆಗೆ ಹಾಕು, ಈಗ ಇರುವ ಹಾಗೆ ದೇವರಮನೆ ಗೋಡೆಗೆ ಬೇಡ.

‘ಆಟೋ ಕ್ಲೀನ್’ ಅಂತ ಹೇಳುತ್ತಾರಲ್ಲ, ಅದು ತಾನೇ ತೊಳೆದುಕೊಳ್ಳುತ್ತೆ ಅಂತ ನಾನೂ ನಂಬಿದ್ದೆ. ಅದು ಮಾಡುವುದು ಇಷ್ಟೇ: ಒಳಗೆ ಬಿಸಿ ಮಾಡಿ ಜಿಡ್ಡು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತೆ. ಬಟ್ಟಲು ಖಾಲಿ ಮಾಡಬೇಕಾದವರು ನಾವು. ನಾನು ನಾಲ್ಕು ತಿಂಗಳು ಮುಟ್ಟಲಿಲ್ಲ. ಒಂದು ದಿನ ಸಾರಿಗೆ ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಮೇಲಿಂದ ಜೇನಿನ ಬಣ್ಣದ ಒಂದು ಹನಿ, ಎಳೆಯಾಗಿ, ನಿಧಾನಕ್ಕೆ ಇಳಿದು ಸಾರಿನ ಮಧ್ಯಕ್ಕೇ ಬಿತ್ತು. ಸಾರೆಲ್ಲಾ ಚೆಲ್ಲಿದೆ. ಆವತ್ತಿನಿಂದ ತಿಂಗಳಿಗೊಮ್ಮೆ ತೆಗೆಯುತ್ತೇನೆ.

ಫ್ರಿಜ್ಜು. ನಾಲ್ಕು ಜನಕ್ಕೆ ಅಷ್ಟು ದೊಡ್ಡದು ಯಾಕೆ? ಅಕ್ಕಪಕ್ಕ ಬಾಗಿಲಿನದು ಮೂರು ಅಡಿ ಅಗಲ ಇರುತ್ತೆ. ನಮ್ಮ ಅಡುಗೆಮನೆ ಬಾಗಿಲೇ ಮೂರು ಅಡಿ ಇಲ್ಲ, ಒಳಗೆ ಹೇಗೆ ತರುತ್ತೀಯ? 250ರಿಂದ 300 ಲೀಟರ್ ಒಳಗಿನದು ಸಾಕು. ನಕ್ಷತ್ರ ಎಣಿಸುವ ಜೊತೆಗೆ ಫ್ರಿಜ್‌ಗೆ ಅಂಟಿಸಿದ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತಾರೆ, ಅದನ್ನು ನೋಡು. ಯಾವ ವರ್ಷದ ಲೇಬಲ್ ಅಂತಲೂ ನೋಡು. ನಿಯಮ ಆಗಾಗ ಬಿಗಿ ಮಾಡುತ್ತಾರೆ, ಹಳೇ ಐದು ನಕ್ಷತ್ರ ಇವತ್ತಿನ ಲೆಕ್ಕಕ್ಕೆ ಕೆಳಗಿಳಿದಿರಬಹುದು. ಕಾರ್ಪೆಂಟರ್‌ಗೆ ಫ್ರಿಜ್ ಅಳತೆಗೆ ಸರಿಯಾಗಿ ಗೂಡು ಮಾಡು ಅನ್ನಬೇಡ. ಹಿಂದೆ ಮತ್ತು ಅಕ್ಕಪಕ್ಕ ಗಾಳಿಗೆ ಜಾಗ ಬೇಕು. ಬಾಗಿಲು ಗೋಡೆಗೆ ತಾಗಿ ಅರ್ಧಕ್ಕೇ ನಿಂತರೆ ಕೆಳಗಿನ ತರಕಾರಿ ಟ್ರೇ ಹೊರಗೆ ಬರುವುದಿಲ್ಲ. ನಮ್ಮ ಪಕ್ಕದ ಮನೆಯವರು ಟ್ರೇ ತೊಳೆಯಬೇಕಾದಾಗಲೆಲ್ಲಾ ಫ್ರಿಜ್ಜನ್ನೇ ಮುಂದಕ್ಕೆ ಎಳೆಯುತ್ತಾರೆ.

ಡಿಶ್‌ವಾಷರ್ ಈಗಲೇ ತಗೋಬೇಡ, ಜಾಗ ಬಿಡು. ಸಿಂಕ್ ಪಕ್ಕ 60 ಸೆಂಟಿಮೀಟರ್ ಅಗಲ, ಒಂದು ನಲ್ಲಿ ಪಾಯಿಂಟು, ನೀರು ಹೋಗಲು ಒಂದು ಪಾಯಿಂಟು, ಒಂದು 16 ಆಂಪಿಯರ್ ಪ್ಲಗ್ಗು. ಸದ್ಯಕ್ಕೆ ಅಲ್ಲಿ ಅಕ್ಕಿ ಡಬ್ಬ ಇಡಿ. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಅವಸರ ಮಾಡಿಸುವವರ ಮಾತು ಕೇಳಬೇಡ. ಸ್ಟೀಲ್ ತಟ್ಟೆ ಲೋಟ ಅದರಲ್ಲಿ ಚೆನ್ನಾಗಿ ಬೆಳಗುತ್ತೆ. ಹಿಂಡಾಲಿಯಂ ಕಪ್ಪಾಗುತ್ತೆ, ಕಬ್ಬಿಣದ ದೋಸೆ ಹಂಚು ಹಾಕುವ ಹಾಗೇ ಇಲ್ಲ. ಬೋರ್ ನೀರಾದರೆ ಅದಕ್ಕೆ ಬೇರೆ ಉಪ್ಪು ಹಾಕುತ್ತಿರಬೇಕು, ಇಲ್ಲದಿದ್ದರೆ ಲೋಟದ ಮೇಲೆಲ್ಲಾ ಬಿಳಿ ಕಲೆ. ಮುಸುರೆ ತೊಳೆಯುವಾಕೆ ಬರುತ್ತಾಳಲ್ಲ, ಆರು ತಿಂಗಳು ನೋಡು.

ಮೈಕ್ರೋವೇವ್ ನಿಮ್ಮಿಷ್ಟ. ಬಿಸಿ ಮಾಡಲು ಮಾತ್ರ ಆದರೆ ಸಾದಾದ್ದು ಸಾಕು, ಕೇಕ್ ಮಾಡುವುದಾದರೆ ಮಾತ್ರ ಓವನ್ ಹಾಗೆ ಬೇಯಿಸುವ ಕನ್ವೆಕ್ಷನ್.

ಚೀಟಿಯಲ್ಲಿ ಇಲ್ಲದ ಒಂದು ವಸ್ತು ಹೇಳುತ್ತೇನೆ. ಗ್ರೈಂಡರ್! ಅವ್ವ ಬೆಣ್ಣೆದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬುತ್ತಾಳೆ. ಮಿಕ್ಸಿಯಲ್ಲಿ ರುಬ್ಬಿದರೆ ಹಿಟ್ಟು ಬಿಸಿ ಆಗುತ್ತೆ, ಕಲ್ಲಿನ ಹಾಗೆ ಉಬ್ಬುವುದಿಲ್ಲ. ಎರಡು ಲೀಟರಿನದು ಸಾಕು. ಆದರೆ ಅದು ಭಾರ. ಮೇಲಿನ ಕಪಾಟಿನಲ್ಲಿ ಇಟ್ಟರೆ ಇಳಿಸುವವರು ಯಾರು, ಅರವತ್ತೆಂಟು ವರ್ಷದ ಅವ್ವನಾ? ಕಟ್ಟೆಯ ಮೂಲೆಯಲ್ಲಿ ಅದಕ್ಕೆ ಕಾಯಂ ಜಾಗ, ಪಕ್ಕದಲ್ಲೇ ಪ್ಲಗ್ಗು. ಕಟ್ಟೆ ಎತ್ತರವನ್ನೂ ಅವ್ವ ಮತ್ತು ನಿನ್ನ ಹೆಂಡತಿಯನ್ನು ನಿಲ್ಲಿಸಿ ಗುರುತು ಹಾಕಿಸು. ಮೇಸ್ತ್ರಿ ತನ್ನ ಎತ್ತರಕ್ಕೆ ಕಟ್ಟಿಬಿಡುತ್ತಾನೆ.

ಕೊನೇದು ನೀರು. ಕುಡಿಯುವ ನೀರಿಗೆ ಯಾವ ಫಿಲ್ಟರ್ ಹಾಕಿಸಲಿ ಅಂತ ಚಿಕ್ಕಮ್ಮ ಚಳ್ಳಕೆರೆಯಿಂದ ನಿನ್ನೆ ಕೇಳಿದ್ದಳು, ಅವಳಿಗೂ ಇದೇ ಉತ್ತರ. ಮೊದಲು ನೀರು ಪರೀಕ್ಷೆ ಮಾಡಿಸಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯುವ ನೀರಿನ ಮಾನದಂಡಕ್ಕೆ ಸರಿ. ಕಾರ್ಪೊರೇಷನ್ ನೀರು ಹಾಗಿದ್ದರೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಸಾಕಾಗುತ್ತೆ, ಆರ್‌ಒ ಹಾಕಿ ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿಗೆ ಬಿಡುವುದು ಯಾಕೆ? ಆದರೆ ತಮ್ಮಾ, ನೀವು ಬೇಸಿಗೆಯಲ್ಲಿ ಅದೇ ಸಂಪ್ ತೊಟ್ಟಿಗೆ ಬೋರ್ ನೀರು ಬಿಡುತ್ತೀರಿ. ಹಾಗಾಗಿ ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟು ನೋಡಿಸು. ಚಿಕ್ಕಮ್ಮಾ, ನಮ್ಮ ದುರ್ಗದ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುತ್ತೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಕಾಯಿಸಿದರೆ ಅದು ಹೋಗುವುದಿಲ್ಲ, ಯುವಿಯಿಂದಲೂ ಹೋಗುವುದಿಲ್ಲ. ನಿಮಗೆ ಆರ್‌ಒ ಬೇಕಾಗಬಹುದು. ಆ ಕೈಯಲ್ಲಿ ಹಿಡಿಯುವ ಟಿಡಿಎಸ್ ಪೆನ್ನು ಫ್ಲೋರೈಡ್ ತೋರಿಸುವುದಿಲ್ಲ, ಲ್ಯಾಬ್‌ಗೇ ಕೊಡಬೇಕು.

ಸರಿ, ಕುಕ್ಕರ್ ಮೂರನೇ ವಿಷಲ್ ಕೂಗಿತು, ಇಡುತ್ತೇನೆ. ಸೋಮವಾರ ಅಂಗಡಿಗೆ ಹೋಗುವ ಬದಲು ಬೆಸ್ಕಾಂ ಬಿಲ್ಲಿನ ಫೋಟೋ, ಹೊರಗೋಡೆಯ ಉದ್ದ, ಫ್ರಿಜ್ ಇಡುವ ಮೂಲೆಯ ಅಗಲ, ಅಡುಗೆಮನೆ ಬಾಗಿಲಿನ ಅಗಲ ಕಳಿಸು. ಟೇಪ್ ಸಿಗದಿದ್ದರೆ ಅವ್ವನ ಹೊಲಿಗೆ ಮಷಿನ್ ಡ್ರಾಯರ್‌ನಲ್ಲಿ ಇದೆ, ಹಳದಿದು. ಮೊದಲ ಎರಡು ಇಂಚು ಹರಿದಿದೆ, ಅದನ್ನು ಬಿಟ್ಟು ಎಣಿಸು.