ಅಪ್‌ಡೇಟ್: ಗಾರ್ಸೀನಿಯಾ ಕ್ಯಾಪ್ಸೂಲ್ ನಿಲ್ಲಿಸಿದೆ

ತೂಕ ಇಳಿಸೋಕೆ ಗಾರ್ಸೀನಿಯಾ ಕ್ಯಾಪ್ಸೂಲ್ ತಗೋಬಹುದಾ, ನ್ಯಾಚುರಲ್ ಅಲ್ವಾ ಅಂತ ಹೋದ ಸಲ ಕೇಳಿದ್ದೆ. ಆಗಲೇ ಶುರು ಮಾಡಿಬಿಟ್ಟಿದ್ದೆ. ಎರಡು ತಿಂಗಳಿಗೆ ಇಳಿದದ್ದು ಅರ್ಧ ಕೆಜಿ. ಆಮೇಲೆ ಊಟ ಸೇರಲಿಲ್ಲ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಕಿಣ್ವ) 212. ಡಾಕ್ಟರು ಡಬ್ಬಿ ತರಿಸಿ ನೋಡಿ, ಇವತ್ತೇ ನಿಲ್ಲಿಸಿ ಅಂದರು. ಐದು ವಾರಕ್ಕೆ ಎಎಲ್‌ಟಿ 38ಕ್ಕೆ ಇಳಿಯಿತು.

ಗಾರ್ಸೀನಿಯಾ ಅಂದರೆ ನಮ್ಮ ಶಿರಸಿ ಕಡೆ ಉಪ್ಪಾಗೆ ಅಂತೀವಲ್ಲ, ಅದೇ ಹುಳಿ ಹಣ್ಣು. ಅಜ್ಜಿ ಒಣಗಿಸಿದ ಕಪ್ಪು ಸಿಪ್ಪೆಯ ಎರಡು ಚೂರು ಸಾರಿಗೆ ಹಾಕ್ತಿದ್ದರು. ಆ ನಂಬಿಕೆಯಲ್ಲೇ ನುಂಗಿದ್ದು. ಕ್ಯಾಪ್ಸೂಲಲ್ಲಿ ಇರೋದು ಅದರಿಂದ ತೆಗೆದ ಸಾಂದ್ರ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1998ರಲ್ಲೇ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ಔಷಧಿ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚೇನೂ ತೂಕ ಇಳಿಸಿರಲಿಲ್ಲ. ತಗೋತಿರೋರು ದಯವಿಟ್ಟು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಿ, ಡಬ್ಬಿನೂ ಡಾಕ್ಟರಿಗೆ ತೋರಿಸಿ.